ಕೆಳಮನೆಯ ಹೂವು

ಕೆಳಮನೆ, ಕಮರಿಯೊಳಗಿನಿಂದ
೮ ಮಾರ್ಚ್ ೧೯೫೩

ಅಕ್ಕಾ,

ಅವ್ವ ಎದುರಿಗೇ ಕೂತು ಉಣ್ಣೆ ಹಿಂಜುತ್ತಿದ್ದಾಳೆ. "ಮೊದ್ಲು ಕುರಿ ಸುದ್ದಿ ಬರಿ, ಆಮೇಲೆ ಮನುಷ್ಯರದ್ದು" ಎಂದು ಅಪ್ಪಣೆಯಾಗಿದೆ. ಆದ್ದರಿಂದ ನಿನ್ನ ಎದೆ ಹೇಗಿದೆ ಎಂದು ಕೇಳುವ ಮೊದಲು ಕುರಿ. ಮರಿ ಹಾಕುವ ಕಾಲ ಶುರುವಾಗಿದೆ. ನಿನ್ನ ಆ ಮೊಂಡುಗಿವಿ ಕುರಿ ಅವಳಿ ಹಾಕಿ, ಒಂದನ್ನು ಒಲ್ಲೆ ಎಂದು ಒದ್ದುಬಿಟ್ಟಿತು. ನಿನ್ನ ಮಗಳು ಅದಕ್ಕೆ ಸೀಸೆಯಲ್ಲಿ ಹಾಲು ಕುಡಿಸಿ ತನ್ನ ಹೊದಿಕೆಯೊಳಗೇ ಮಲಗಿಸಿಕೊಳ್ಳುತ್ತಾಳೆ. ಬೆಳಿಗ್ಗೆ ಡೋಲಿ ಯಾವುದು, ಮರಿ ಯಾವುದು ಎಂದು ಮೂಸಿ ನೋಡಿದರೂ ತಿಳಿಯುವುದಿಲ್ಲ. ನಾಲ್ಕು ವರ್ಷಕ್ಕೇ ಇಷ್ಟು ಹಟ, ನಿನ್ನದೇ ರಕ್ತ.

ಭಾವನ ಕತೆ ಕೇಳು. ನಿನ್ನೆ ಸೌದೆ ಹೊತ್ತು ತಂದ. ಅವ್ವ ಬಾಗಿಲಾಚೆ ಬಿಸಿಲಿಗೆ ಸುಮ್ಮನೆ ಕೂತಿದ್ದಳು, ಅಲ್ಲಾಡಿದ್ದರೆ ತಾನೇ ಅಳಿಯನನ್ನು ಎಚ್ಚರಿಸುವ ಕಿವಿಯ ಗೆಜ್ಜೆ ಸದ್ದು ಮಾಡುವುದು? ಅದೂ ನಿನಗೊಂದು ಬಿಚ್ಚಿಕೊಟ್ಟ ಮೇಲೆ ಒಂಟಿ ಗೆಜ್ಜೆ, ಸದ್ದೂ ಅರ್ಧ. ಮೂಲೆ ತಿರುಗಿದವನಿಗೆ ಎದುರಿಗೇ ಅತ್ತೆ! ಅವಳು ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡಳು. ಅವನು ಹೊರೆಯೊಳಗೆ ಮುಖ ಹುದುಗಿಸಿ ಹಿಂದಕ್ಕೆ ಹಿಂದಕ್ಕೆ ನಡೆದು ಬೇಲಿಯ ಮೇಲೆ ಬಿದ್ದ. ಅತ್ತೆ ಅಳಿಯ ಮುಖ ನೋಡಿಕೊಂಡರೆ ಕಣ್ಣು ಹೋಗುತ್ತದೆ ಎನ್ನುತ್ತಾರೆ. ನೋಡದಿದ್ದರೆ ಸೊಂಟ ಹೋಗುತ್ತದೆ ಎಂದು ನಿನ್ನೆ ಗೊತ್ತಾಯಿತು.

ಅವ್ವ ಕಂಬಳಿಯೊಳಗಿನಿಂದಲೇ ನಾಯಿಗೆ ಹೇಳಿದಳು, "ಏ ಕರಿಯಾ, ಆ ಎಡಚನಿಗೆ ಹೇಳೋ, ಸೌದೆ ಹಸಿ ಇದೆ ಅಂತ."

ಭಾವನೂ ಬೇಲಿಯಾಚೆಯಿಂದ ನಾಯಿಗೇ ಹೇಳಿದ, "ಕರಿಯಾ, ಒಣಗಿದ್ದು ನಾಳೆ ತರ್ತೀನಿ ಅಂತ ಹೇಳಪ್ಪ."

ಕರಿಯ ಇಬ್ಬರಿಗೂ ಬಾಲ ಅಲ್ಲಾಡಿಸಿತು.

ಕಾಗದದ ಮಡಿಕೆಯಲ್ಲಿ ಇಟ್ಟಿರುವುದು ಈ ವರ್ಷದ ಮೊದಲ ಹೂವು. ನಮ್ಮ ಮನೆಯ ಹಿಂದಿನ ಬಂಡೆಯ ಬುಡದಲ್ಲಿ ಬರುತ್ತದಲ್ಲ, ಸಾಸಿವೆ ಹೂವಿನಂಥ ಪುಟ್ಟ ಹಳದಿ. ನಾನು ಸೀದಾ ಕೀಳಲು ಹೋದೆ. "ಏನೇ, ಕಳ್ಳಿ! ದೊಡ್ಡ ಗಿಡಕ್ಕೆ ಹೇಳಿದ್ಯಾ?" ಎಂದು ಅವ್ವ ಕೂಗಿದಳು. ಸರಿ, ದೊಡ್ಡ ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತು, ನಮ್ಮಕ್ಕ ಕಾಯಿಲೆ ಬಿದ್ದು ದೂರದ ಊರಿನಲ್ಲಿ ಮಲಗಿದ್ದಾಳೆ, ನಿನ್ನ ಬಳಗದಿಂದ ಒಂದನ್ನು ಅವಳಿಗೆ ಕಳಿಸುತ್ತೇನೆ ಎಂದು ಹೇಳಿ, ಅದನ್ನು ಬಿಟ್ಟು ಪಕ್ಕದ್ದನ್ನು ಕಿತ್ತೆ. ಶಾಲೆ ಕಲಿತು ಬಂದ ಮೇಲೆ ಗಿಡದ ಜೊತೆ ಮಾತಾಡಲು ನಾಚಿಕೆಯಾಗುತ್ತದೆ.

ನನ್ನದೂ ಒಂದು ಸುದ್ದಿ. ಪಟ್ಟಣದಲ್ಲಿ ನರ್ಸ್ ಕಲಿಯಲು ಸೆಪ್ಟೆಂಬರಿಗೆ ಸೀಟು ಸಿಗುತ್ತದಂತೆ. ನೀನು ಜೋಳ ಕೊಯ್ಯುವ ಹೊತ್ತಿಗೆ ಬಂದುಬಿಟ್ಟರೆ ನಾನು ಹೊರಡುತ್ತೇನೆ. ಬೇಗ ವಾಸಿಯಾಗು ಅಕ್ಕಾ. ಇದರಲ್ಲಿ ನನ್ನ ಸ್ವಾರ್ಥವೂ ಇದೆ.

ಆರ್ಲೀನ್


ಕ್ಷಯದ ಆಸ್ಪತ್ರೆ, ಹೆಂಗಸರ ವಾರ್ಡು
೨೦ ಮಾರ್ಚ್ ೧೯೫೩

ಆರ್ಲೀನ್,

ಎಡಚ ಬೇಲಿಯ ಮೇಲೆ ಬಿದ್ದದ್ದನ್ನು ಓದಿ ನಕ್ಕೆ. ನಗಬಾರದಂತೆ, ಎದೆ ಅಲುಗುತ್ತದೆ. ನರ್ಸ್ ಹಾಲ್‌ಗ್ರೆನ್ ಓಡಿ ಬಂದು ಬೆರಳು ತೋರಿಸಿ ಗದರಿದಳು. ಇಲ್ಲಿ ಎದ್ದು ಕೂರುವಂತಿಲ್ಲ, ಕೈ ಎತ್ತಿ ತಲೆ ಬಾಚುವಂತಿಲ್ಲ, ಬಾತ್‌ರೂಮಿಗೂ ಹೋಗುವಂತಿಲ್ಲ, ಎಲ್ಲವೂ ಮಲಗಿದಲ್ಲೇ. ಕಿಟಕಿಯಲ್ಲಿ ಕಾಣುವುದು ಒಂದು ಇಟ್ಟಿಗೆ ಗೋಡೆ, ಒಂದು ಹೊಗೆ ಕೊಳವೆ, ಅಂಗೈ ಅಗಲದ ಹುಲ್ಲು. ಆ ಹುಲ್ಲಿನಲ್ಲಿ ಹಳದಿ ಹೂವೊಂದು ತಲೆ ಎತ್ತಿದರೆ ಸಾಕು, ತೋಟದವನು ಚೂರಿ ತಂದು ಬೇರುಸಹಿತ ಕಿತ್ತು ಹಾಕುತ್ತಾನೆ. ಕಮರಿಯ ಗೋಡೆಗಳು ಇಕ್ಕಟ್ಟು ಎಂದು ನಾನೂ ಒಂದು ಕಾಲದಲ್ಲಿ ಗೊಣಗಿದ್ದೆ. ನನ್ನ ಬಾಯಿಗೆ ಮಣ್ಣು ಹಾಕಬೇಕು.

ಪಕ್ಕದ ಹಾಸಿಗೆಯ ತಲಾಸಿ ಅಜ್ಜಿ ಹೋಪಿ ಬುಡಕಟ್ಟಿನವಳು. ನಿನ್ನ ಹೂವು ಕಾಗದದಿಂದ ಜಾರಿ ನನ್ನ ಎದೆಯ ಮೇಲೆ ಬಿದ್ದದ್ದು ನೋಡಿ, "ಓಹೋ, ನವಾಹೊಗಳಿಗೂ ಹೂವು ಕಣ್ಣಿಗೆ ಬೀಳತ್ತಾ? ನಾನು ಎಲ್ಲಾನೂ ಕುರಿಗೇ ಮೇಯಿಸಿಬಿಡ್ತೀರಿ ಅಂದ್ಕೊಂಡಿದ್ದೆ" ಎಂದಳು. ನಾನೂ ಬಿಡಲಿಲ್ಲ. "ಅಜ್ಜೀ, ನಮ್ಮ ಕುರಿ ನಿಮ್ಮ ಹೊಲದ ಜೋಳ ಬಿಟ್ಟು ಬೇರೇನೂ ಮುಟ್ಟಲ್ಲ" ಎಂದೆ. ಮುದುಕಿ ದಿಂಬಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಿತು. ದಿಂಬಿನ ಕೆಳಗಿನ ಗೆಜ್ಜೆಯನ್ನೂ ತೋರಿಸಿದೆ. ಬೇರೆ ಅಳಿಯಂದಿರು ಅತ್ತೆಗೆ ಕುದುರೆ ಕೊಟ್ಟು ಸುಮ್ಮನಾದರೆ, ನನ್ನ ಗಂಡ ತಾನೇ ಬೆಳ್ಳಿ ಬಡಿದು ಗೆಜ್ಜೆ ಮಾಡಿಕೊಟ್ಟ, ಅತ್ತೆಯಿಂದ ತಪ್ಪಿಸಿಕೊಳ್ಳಲು ಅತ್ತೆಗೇ ಉಡುಗೊರೆ, ಎಂದೆ. ಅವಳಿಗೆ ಅದು ತುಂಬ ಹಿಡಿಸಿತು.

ಡಾಕ್ಟರು ಹೇಳುವುದು ಒಂದೇ. ಅಲುಗಾಡದೆ ಮಲಗಿದ್ದರೆ ಜೋಳದ ಹೊತ್ತಿಗೆ ಮನೆ. ನಡುವೆ ಎದ್ದು ಹೋದರೆ ಎದೆಯ ಗಾಯ ಮತ್ತೆ ಬಾಯಿ ಬಿಡುತ್ತದೆ, ನಾನೂ ಉಳಿಯುವುದಿಲ್ಲ, ಡೋಲಿಗೂ ಅಂಟಿಸುತ್ತೇನೆ. ಅದಕ್ಕೇ ಮಲಗಿದ್ದೇನೆ. ಈ ಹಾಸಿಗೆಯಲ್ಲಿ ನನಗಿಂತ ಮೊದಲು ಯಾರಿದ್ದರು, ಅವರು ನಡೆದುಕೊಂಡೇ ಹೋದರೋ ಎಂದು ಮಾತ್ರ ಕೇಳಿಲ್ಲ. ಈ ಸಾಲನ್ನು ಅವ್ವನಿಗೆ ಓದಬೇಡ.

ನಮ್ಮ ಅಂಗಳದ ಮರಳಿನಲ್ಲಿ ಸಂಜೆ ಅರಳುವ ಬಿಳಿ ಹೂವು ಬಂದಾಗ ಮರೆಯದೆ ಕಳಿಸು. ಹಳದಿ, ಕೆಂಪು ಯಾವುದೂ ಬೇಡ, ಅದೊಂದು ಸಾಕು. ಅದನ್ನು ಮೂಸಿದರೆ ನಾನು ಬಾಗಿಲಲ್ಲಿ ಕೂತ ಹಾಗೆ.

ಕೀಬಾ


ಕೆಳಮನೆ
೪ ಏಪ್ರಿಲ್ ೧೯೫೩

ಅಕ್ಕಾ,

ಬೆಟ್ಟದ ಹಿಮ ಕರಗುತ್ತಿದೆ, ಹೊಳೆ ಬಂದಿದೆ. ಕಮರಿಯ ಬಾಯಿಯವರೆಗೆ ಹೋಗುವುದೇ ಕಷ್ಟ, ಕುದುರೆಯ ಕಾಲು ಮರಳಿನಲ್ಲಿ ಹೂತುಹೋಗುತ್ತದೆ. ಈ ಕಾಗದ ನಿನಗೆ ಯಾವಾಗ ಸಿಗುತ್ತದೋ. ಆ ಕಡೆ ಕೆಂಪು ಗೋಡೆ, ಈ ಕಡೆ ಕೆಂಪು ಗೋಡೆ, ನಡುವೆ ನೀರು, ನೀರಿನ ಪಕ್ಕ ಕುರಿ, ಕುರಿಯ ಹಿಂದೆ ನಾನು. ನಿನಗೆ ರೈಲಿನ ಸದ್ದಾದರೂ ಕೇಳಿಸುತ್ತದೆ. ನನಗೆ ಅವ್ವನ ಬೈಗುಳ ಬಿಟ್ಟರೆ ಕಾಗೆ. ಸೀಟು ಸಿಕ್ಕಿದೆ, ಮೇ ಮುಗಿಯುವುದರೊಳಗೆ ಬರುತ್ತೇನೋ ಇಲ್ಲವೋ ತಿಳಿಸಬೇಕಂತೆ. ಆ ಕಾಗದವನ್ನು ದಿನಾ ತೆಗೆದು ಓದುತ್ತೇನೆ.

ನೇರಳೆ ಬಣ್ಣದ ಹುಚ್ಚುಸೊಪ್ಪು ಈ ವರ್ಷ ಎಲ್ಲೆಲ್ಲೂ. ಒಂದು ಕುರಿ ತಿಂದು ನೆಟ್ಟಗೆ ಬಂಡೆಗೆ ಹೋಗಿ ಗುದ್ದಿತು. ಅವ್ವ ಕೋಲು ಹಿಡಿದು ಕೀಳುತ್ತಾ ಹೋಗುತ್ತಾಳೆ, ಇದೊಂದು ಗಿಡಕ್ಕೆ ಮಾತ್ರ ಹೇಳಿ ಕೇಳಿ ಮಾಡುವ ಮರ್ಯಾದೆಯಿಲ್ಲ. ನಿನಗೆ ಅದನ್ನು ಕಳಿಸುತ್ತಿಲ್ಲ, ಹೆದರಬೇಡ. ಇದು ಹೊಳೆದಂಡೆಯ ಪೀಚ್ ಮರದ ಹೂವು. ಬಿಳಿಯದು ಇನ್ನೂ ಮೊಗ್ಗಾಗಿಲ್ಲ.

ಕಳ್ಳತನ ಮಾಡಲಾಗಲಿಲ್ಲ ಅಕ್ಕಾ. ನೀನು ಓದಬೇಡ ಎಂದ ಸಾಲಿನ ಹತ್ತಿರ ನಾನು ತಡವರಿಸಿದೆ, ಅವ್ವ ಹಿಡಿದುಬಿಟ್ಟಳು. ಹೀಗೆ ಬರಿ ಎಂದಳು, ಅವಳ ಮಾತಿನಲ್ಲೇ ಕೇಳು: "ಅಲ್ಲಿ ಯಾರಾದ್ರೂ ತೀರಿಹೋದ್ರೆ ಒಂದು ಗಳಿಗೆನೂ ಇರ್ಬೇಡ ಅನ್ನು. ನಾವಾದ್ರೆ ಉತ್ತರದ ಗೋಡೆ ಒಡೆದು ಹೋದೋರನ್ನ ಈಚೆ ತಂದು, ಮನೆನೇ ಬಿಟ್ಟು ಹೋಗ್ತೀವಿ, ಆ ದಿಕ್ಕಿಗೆ ತಿರುಗಿನೂ ನೋಡಲ್ಲ. ಅವಳೇನು ಆಸ್ಪತ್ರೆ ಗೋಡೆ ಒಡೀತಾಳಾ? ಡಾಕ್ಟರಿಗೆ ಏನು ಗೊತ್ತು ಮಣ್ಣು! ಎದ್ದು ಬಂದ್ಬಿಡ್ಲಿ."

ಅವಳು ಹೇಳಿದಳೆಂದು ಬರೆದೆ. ನೀನು ಎದ್ದು ಬರಬೇಡ. ಅವ್ವನಿಗೆ ಮಂಡಿನೋವು, ಆದರೂ ಹೊಳೆಗಿಳಿದು ಮರಿ ಹುಡುಕುತ್ತಾಳೆ. ಬೇಡವೆಂದರೆ ನನ್ನ ಮೇಲೇ ಹಾರಿ ಬೀಳುತ್ತಾಳೆ.

ಆರ್ಲೀನ್


ಆಸ್ಪತ್ರೆ
೧೭ ಏಪ್ರಿಲ್ ೧೯೫೩

ಆರ್ಲೀನ್,

ಪೀಚ್ ಹೂವು ಪುಡಿಯಾಗಿತ್ತು, ಬಣ್ಣ ಮಾತ್ರ ಕಾಗದಕ್ಕೆ ಹತ್ತಿತ್ತು. ಅಷ್ಟೇ ಸಾಕು.

ಹಾಸಿಗೆ ಬದಲಿಸಿ ಎಂದು ಕೇಳಿಕೊಂಡೆ, ಗಾಳಿ ಹೊಡೆಯುತ್ತದೆ ಎಂದು ಸುಳ್ಳು ಹೇಳಿದೆ. ಖಾಲಿ ಇರುವುದು ಪಕ್ಕದ ಹಾಸಿಗೆ ಒಂದೇ, ಬೇಕಾದರೆ ಅದಕ್ಕೆ ಹೋಗು ಎಂದಳು ನರ್ಸ್. ಬೇಡವೆಂದೆ. ಈಗ ಗೋಡೆಯ ಕಡೆ ಮುಖ ಮಾಡಿ ಮಲಗುತ್ತೇನೆ. ಊಟ ಸೇರುವುದಿಲ್ಲ, ಆದರೆ ತಿನ್ನುತ್ತೇನೆ.

ಅವ್ವನಿಗೆ ಹೇಳು, ಇಲ್ಲಿ ಎಲ್ಲರೂ ಚೆನ್ನಾಗಿದ್ದಾರೆ. ಅವಳು ಬೈದದ್ದನ್ನು ಇನ್ನೂ ಬರಿ. ಬಿಳಿ ಹೂವು ಈಗ ಮೊಗ್ಗಾಗಿರಬೇಕು.

ಕೀಬಾ


ಕಮರಿಯಿಂದ
೨ ಮೇ ೧೯೫೩

ಅಕ್ಕಾ,

ನಿನ್ನ ಕಾಗದ ಸಿಕ್ಕಿತು. ನಾವು ಚೆನ್ನಾಗಿದ್ದೇವೆ. ಕುರಿ ಚೆನ್ನಾಗಿವೆ. ಡೋಲಿಯ ಮರಿಗೆ ಕೊಂಬು ಮೊಳೆಯುತ್ತಿದೆ. ಹೊಳೆ ಇಳಿಯುತ್ತಿದೆ. ಈ ಸಲ ಕೆಂಪು ಕುಂಚದ ಹೂವು ಇಟ್ಟಿದ್ದೇನೆ, ಬಣ್ಣ ಉಳಿಯುತ್ತದೆ.

ನಿನ್ನ ಹೋಪಿ ಅಜ್ಜಿ ಹೇಗಿದ್ದಾಳೆ? ಹೋದ ಸಲ ಅವಳ ಸುದ್ದಿಯೇ ಇರಲಿಲ್ಲ. ಯಾರು ಏನೇ ಹೇಳಲಿ, ನೀನು ಮಲಗಿಯೇ ಇರು. ಇಲ್ಲಿಯ ಚಿಂತೆ ಹಚ್ಚಿಕೊಳ್ಳಬೇಡ.

ಆರ್ಲೀನ್


ಆಸ್ಪತ್ರೆ
೧೧ ಮೇ ೧೯೫೩

ಆರ್ಲೀನ್,

ಏನೇ ಇದು ಕಾಗದ? ಅಂಗಡಿಯವನು ಹಿಟ್ಟಿನ ಮೂಟೆಗೆ ಅಂಟಿಸುವ ಚೀಟಿಯ ಹಾಗಿದೆ. ಅವ್ವ ನಿನ್ನ ಪಕ್ಕ ಕೂತು ಹೇಳಿಕೊಡಲಿಲ್ಲವೆ? ಒಂದು ಬೈಗುಳವಿಲ್ಲ, ಒಂದು ಗಾದೆಯಿಲ್ಲ. ನಾನು ಇಡೀ ದಿನ ಮಾಡನ್ನು ನೋಡುತ್ತಾ ಮಲಗಿದವಳು, ನನಗೆ ನಿನ್ನ ಕಾಗದವೇ ಊಟ. ಸ್ವಲ್ಪ ಕೈಬಿಚ್ಚಿ ಬಡಿಸು.

ಇನ್ನೊಂದು. ಕೆಂಪು ಕುಂಚ ಕೆಳಮನೆಯ ಹತ್ತಿರ ಬೆಳೆಯುವುದಿಲ್ಲ. ಅದು ಉತ್ತರದ ಕವಲಿನ ಮೇಲಿನ ಬಂಡೆಗಳಲ್ಲಿ ಬರುವುದು. ಮೇ ತಿಂಗಳಿಗೇ ಎಳೆ ಮರಿಗಳನ್ನು ಅಷ್ಟು ದೂರ ಯಾಕೆ ಹೊಡೆದುಕೊಂಡು ಹೋದೆ? ನನ್ನ ಬಿಳಿ ಹೂವು ಬಾಗಿಲಲ್ಲೇ ಇರುತ್ತದಲ್ಲ, ಬಗ್ಗಿದರೆ ಸಿಗುತ್ತದೆ. ಅದಕ್ಕೂ ನಿನಗೆ ಸೋಮಾರಿತನವೆ?

ಅಜ್ಜಿಯ ವಿಷಯ ಬಿಡು. ಕೇಳಬೇಡ.

ಕೀಬಾ


ಕಮರಿಯಿಂದ
೨೦ ಮೇ ೧೯೫೩

ಅಕ್ಕಾ,

ಸರಿ, ಬಡಿಸುತ್ತೇನೆ, ಹೊಟ್ಟೆ ತುಂಬ ಉಣ್ಣು. ಕೆಳಗೆ ಹುಲ್ಲು ಕಡಿಮೆಯಾಯಿತೆಂದು ಈ ವರ್ಷ ಬೇಗನೇ ಉತ್ತರದ ಕವಲಿನ ಬೇಸಿಗೆ ಚಪ್ಪರಕ್ಕೆ ಬಂದಿದ್ದೇವೆ. ಅದಕ್ಕೇ ಬಿಳಿ ಹೂವು ಸಿಗಲಿಲ್ಲ. ಅದರ ಬದಲು ಇದು, ಜಿನುಗು ಬಂಡೆಯ ಸಂದಿನಲ್ಲಿ ತೂಗಾಡುವ ಉದ್ದ ಬಾಲದ ಹಳದಿ ಹೂವು. ನೀನೂ ನಾನೂ ಚಿಕ್ಕವರಿದ್ದಾಗ ಅದರ ಬಾಲದ ತುದಿ ಕಚ್ಚಿ ಜೇನು ಹೀರುತ್ತಿದ್ದೆವು, ನೆನಪಿದೆಯೆ? ಡೋಲಿಗೆ ಕಲಿಸಿದೆ. ಒಂದೂ ಹೂವು ಉಳಿಸಲಿಲ್ಲ ಪೋರಿ.

ನಿನ್ನೆ ಕಾಡು ಆಲೂಗಡ್ಡೆ ಅಗೆದು ತಂದೆವು. ಕಹಿ ಹೋಗಲು ಬಿಳಿ ಮಣ್ಣು ಕಲಸಿ ಬೇಯಿಸಿದೆ. ಭಾವ ಒಲೆಯ ಪಕ್ಕ ಕಾಲು ಚಾಚಿ ಕೂತು ಎಡಗೈಯಲ್ಲಿ ಸಿಪ್ಪೆ ಸುಲಿಯುತ್ತಿದ್ದ, ಅರ್ಧ ಗಡ್ಡೆ ಸಿಪ್ಪೆಗೇ ಹೋಯಿತು. "ಭಾವಾ, ನೀನು ಬೆಳ್ಳಿ ಕೆಲಸಕ್ಕೇ ಸರಿ, ಅಡುಗೆಗೆ ಕೈ ಹಾಕ್ಬೇಡ" ಎಂದೆ. ಡೋಲಿ ಅವನ ತೊಡೆಯ ಮೇಲೆ ಕೂತು ನರಿಯ ಕತೆ ಹೇಳು ಎಂದು ಪೀಡಿಸಿದಳು. ನರಿ ಕತೆ ಚಳಿಗಾಲದಲ್ಲಿ ಮಾತ್ರ ಎಂದರೆ ಕೇಳುತ್ತಾಳೆಯೆ? ಬಿಸಿ ಗಡ್ಡೆ ಬಾಯಿಗೆ ಹಾಕಿಕೊಂಡು ಅವನು ಕುಣಿದದ್ದನ್ನು ನೋಡಿ ಬಹಳ ದಿನದ ಮೇಲೆ ನಕ್ಕೆವು.

ಇಷ್ಟು ಸಾಕೆ? ಮಲಗಿರು.

ಆರ್ಲೀನ್


ಆಸ್ಪತ್ರೆ
೨೭ ಮೇ ೧೯೫೩

ಆರ್ಲೀನ್,

ಹೊಟ್ಟೆ ತುಂಬಿತು.

ಒಂದೇ ಒಲೆ, ಒಂದೇ ಚಪ್ಪರ, ನನ್ನ ಗಂಡ ಕಾಲು ಚಾಚಿ ಕೂತು ನಿನಗೆ ಗಡ್ಡೆ ಸುಲಿದು ಕೊಡುತ್ತಾನೆ, ನನ್ನ ಮಗಳು ತೊಡೆಯ ಮೇಲೆ. ಒಳ್ಳೇ ಸಂಸಾರ. ಅಕ್ಕ ಮೂಲೆ ಸೇರಿದರೆ ತಂಗಿ ಒಲೆ ಹಚ್ಚುತ್ತಾಳೆ ಎಂದು ಜನ ಆಡುವುದು ನನಗೆ ಗೊತ್ತಿಲ್ಲವೆ? ನನಗೆ ಎದೆ ತೂತಾಗಿದೆ, ಕಣ್ಣಲ್ಲ. ಮಲಗಿರು ಮಲಗಿರು ಎಂದು ಪ್ರತಿ ಕಾಗದದಲ್ಲೂ ಯಾಕೆ ಬರೆಯುತ್ತೀಯೆಂದು ಈಗ ಅರ್ಥವಾಯಿತು.

ಹೂವು ಕಳಿಸಬೇಡ.

ಕೀಬಾ


ಆಸ್ಪತ್ರೆ
೨೮ ಮೇ ೧೯೫೩

ಆರ್ಲೀನ್,

ನಿನ್ನೆಯ ಕಾಗದ ಹೋಗಿಬಿಟ್ಟಿದೆ, ವಾಪಸು ತರಲಾಗುವುದಿಲ್ಲ. ಅದನ್ನು ಒಲೆಗೆ ಹಾಕು. ನಾನು ಕತ್ತೆ.

ಸಿಟ್ಟಿನಲ್ಲಿ ನಿನ್ನ ಕಾಗದವನ್ನು ಮತ್ತೆ ಮತ್ತೆ ಓದಿದೆ. ಎಡಚ ಕಾಲು ಚಾಚಿ ಕೂತಿದ್ದ. ಒಲೆಯ ಪಕ್ಕ. ಎಲ್ಲರೂ ನಕ್ಕರು. ಯಾರೂ ಕಂಬಳಿ ಎಳೆದುಕೊಳ್ಳಲಿಲ್ಲ, ಯಾರೂ ನಾಯಿಗೆ ಹೇಳಿ ಕಳಿಸಲಿಲ್ಲ, ಗೆಜ್ಜೆ ಸದ್ದಾಗಲಿಲ್ಲ. ಅವ್ವ ಇದ್ದ ಚಪ್ಪರದಲ್ಲಿ ಅವನು ಹೇಗೆ ಕೂತ? ಅವನು ಕೂತಿದ್ದರೆ ಅವ್ವ ಎಲ್ಲಿದ್ದಳು?

ಕಿಟಕಿಯ ಪಕ್ಕ ನಿನ್ನ ಹೂವುಗಳನ್ನೆಲ್ಲ ಸಾಲಾಗಿ ಇ‌ಟ್ಟೆ. ಮೊದಲ ಹಳದಿ, ಮನೆಯ ಹಿಂದಿನದು. ಪೀಚ್ ಬಣ್ಣ ಹತ್ತಿದ ಕಾಗದ, ಮನೆಯ ಮುಂದಿನ ಹೊಳೆದಂಡೆಯದು. ಆಮೇಲೆ ಕೆಂಪು ಕುಂಚ, ಜಿನುಗು ಬಂಡೆಯ ಹೂವು, ಎರಡೂ ಮೇಲಿನವು. ಪೀಚ್ ಆದ ಮೇಲೆ ಕೆಳಮನೆಯ ಒಂದು ಎಸಳೂ ಬಂದಿಲ್ಲ. ಅಂದಿನಿಂದ ನಿನ್ನ ಕಾಗದದಲ್ಲಿ ಅವ್ವ ಎಂಬ ಮಾತೂ ಇಲ್ಲ. ಕಾಗದದ ತಲೆಯಲ್ಲಿ ಕೆಳಮನೆ ಎಂದು ಬರೆಯುವುದನ್ನೂ ಬಿಟ್ಟಿದ್ದೀಯ. ಹುಲ್ಲು ಕಡಿಮೆಯಾಯಿತೆಂದು ಯಾರು ಮನೆಯ ಹೆಸರನ್ನು ಬಿಡುತ್ತಾರೆ?

ನಾನು ಬರುತ್ತೇನೆ. ನನ್ನ ಬೂಟು ಬೀರುವಿನ ಕೆಳಗಿತ್ತು, ತೆವಳಿ ಹೋಗಿ ತಂದು ಹೊದಿಕೆಯೊಳಗೆ ಇಟ್ಟುಕೊಂಡಿದ್ದೇನೆ. ಎದ್ದು ನಿಂತರೆ ತಲೆ ಸುತ್ತುತ್ತದೆ, ಕದ್ದು ಕದ್ದು ನಿಲ್ಲುವ ಅಭ್ಯಾಸ ಮಾಡುತ್ತಿದ್ದೇನೆ. ಎದೆ ಬಿರಿದರೆ ಬಿರಿಯಲಿ. ಅವ್ವನೇ ಹೇಳಿದ್ದಳಲ್ಲ, ಎದ್ದು ಬಾ ಎಂದು. ಅವಳು ಬದುಕಿದ್ದರೆ ಅವಳ ಒಂದು ಬೈಗುಳ ಬರೆದು ಕಳಿಸು. ಇಲ್ಲದಿದ್ದರೆ ಏನೂ ಬರೆಯಬೇಡ, ನಾನೇ ಬಂದು ನೋಡುತ್ತೇನೆ.

ಕೀಬಾ


ಉತ್ತರದ ಕವಲು
೫ ಜೂನ್ ೧೯೫೩

ಅಕ್ಕಾ,

ಬೂಟು ಹಾಕಿಕೊಳ್ಳಬೇಡ. ಮೊದಲು ಇದನ್ನು ಓದು. ನಿನ್ನ ಎರಡೂ ಕಾಗದ ಒಟ್ಟಿಗೇ ಸಿಕ್ಕವು. ಮೊದಲನೆಯದನ್ನು ಒಲೆಗೆ ಹಾಕಿದೆ. ಓದಿಯೇ ಹಾಕಿದೆ, ಅದರ ಲೆಕ್ಕ ನೀನು ಬಂದ ಮೇಲೆ.

ಹೋದವರ ಹೆಸರು ಹೇಳಬಾರದು, ಸಂಬಂಧವನ್ನೂ ಹೇಳುವುದಿಲ್ಲ. ಯಾರೆಂದು ನಿನಗೆ ಗೊತ್ತು. ಒಂದು ಸಲ ಬರೆಯುತ್ತೇನೆ, ಆಮೇಲೆ ನೀನೂ ಕೇಳಬೇಡ.

ಏಪ್ರಿಲ್ ನಡುವೆ ಹೊಳೆ ದಡ ಮೀರಿತು. ಆಚೆ ದಡದಲ್ಲಿ ಮರಿ ಸಿಕ್ಕಿಕೊಂಡಿತೆಂದು ಅವಳು ಸೊಂಟದವರೆಗೆ ನೀರಿಗಿಳಿದಳು. ಹಿಮದ ನೀರು. ಮಾರನೇ ದಿನ ಜ್ವರ ಏರಿತು, ಎದೆ ಹಿಡಿದುಕೊಂಡಳು. ಕಮರಿಯ ಬಾಯಿಗೆ ಒಯ್ದು ಅಂಗಡಿಯವನ ಲಾರಿಗೆ ಹಾಕಿದರೆ ಉಳಿಯಬಹುದು ಎನಿಸಿತು. ಕುದುರೆ ನೀರಿಗೆ ಇಳಿಯಲೊಲ್ಲದು. ನನ್ನಿಂದ ಎತ್ತಲಾಗಲಿಲ್ಲ ಅಕ್ಕಾ, ಎಷ್ಟು ಪ್ರಯತ್ನಪಟ್ಟೆ. ಸುತ್ತ ಎತ್ತುವ ಶಕ್ತಿಯಿದ್ದವನು ಒಬ್ಬನೇ, ಅವನು ಅವಳನ್ನು ನೋಡುವಂತಿಲ್ಲ.

ಭಾವ ಬಾಗಿಲಾಚೆ ಗೋಡೆಗೆ ಮುಖ ಮಾಡಿ ನಿಂತು ಕೂಗಿದ, "ಆರ್ಲೀನ್, ಬಂದು ನನ್ನ ಕಣ್ಣು ಕಟ್ಟು."

ನನ್ನ ತಲೆವಸ್ತ್ರವನ್ನು ಮಡಚಿ ಬಿಗಿಯಾಗಿ ಕಟ್ಟಿದೆ. ಅವಳು ಕಂಬಳಿಯಲ್ಲಿ ತಲೆ ಮುಚ್ಚಿಕೊಂಡಳು. ಕೈಹಿಡಿದು ಅವನನ್ನು ಒಳಗೆ ಕರೆದುಕೊಂಡು ಬಂದೆ. ಎಲ್ಲಿ ಎಂದು ತಡಕಾಡಿದ, ಆಗ ಅವಳು ತಾನೇ ತಲೆ ಅಲ್ಲಾಡಿಸಿ ಗೆಜ್ಜೆ ಕುಲುಕಿದಳು. ಇಷ್ಟು ವರ್ಷ ಯಾವ ಸದ್ದು ಕೇಳಿ ಓಡಿಹೋಗುತ್ತಿದ್ದನೋ ಆ ಸದ್ದಿನ ಕಡೆಗೇ ಬಂದು ಅವಳನ್ನು ಬೆನ್ನಿಗೆ ಹೊತ್ತುಕೊಂಡ.

ಹೊಳೆಯ ದಾರಿಯಲ್ಲಿ ಅವಳು ಕಂಬಳಿಯೊಳಗಿನಿಂದ ಹೇಳಿದಳು, "ಕರಿಯಾ, ಈ ಕುದುರೆ ಚೆನ್ನಾಗೇ ನಡೀತದೆ ಕಣೋ. ಸುಮ್ನೆ ಇಷ್ಟು ವರ್ಷ ಓಡಿಸ್ಬಿಟ್ಟೆ."

ಭಾವ ಅಳುತ್ತಿದ್ದ. "ಕರಿಯಾ, ಗಟ್ಟಿಯಾಗಿ ಹಿಡ್ಕೊಳ್ಳೋಕೆ ಹೇಳಪ್ಪ" ಎಂದ.

ನಾನು ಮುಂದೆ, ಅವನು ಒಂದು ಕೈಯಲ್ಲಿ ನನ್ನ ಹೆಗಲು ಹಿಡಿದು ಹಿಂದೆ. ನಡುಹೊಳೆಯಲ್ಲಿ ನೀರು ಅವನ ಎದೆಗೆ ಬಂತು, ಕೆಳಗಿನ ಮರಳು ಕಾಲನ್ನು ನುಂಗತೊಡಗಿತು. ಕಣ್ಣು ಬಿಚ್ಚಿಕೊ ಭಾವಾ ಎಂದು ಕಿರುಚಿದೆ. ಬಿಚ್ಚಲಿಲ್ಲ. ಹೇಗೋ ಹಿಂದಕ್ಕೆ ತಂದೆವು. ಆಲಿಕಲ್ಲು ಮಳೆ ಹಿಡಿಯಿತು, ಹೊರಗೆ ಮಲಗಿಸಲಾಗದೆ ಮನೆಯೊಳಗೇ ಮಲಗಿಸಿದೆವು. ಅಲ್ಲೇ, ಮಧ್ಯಾಹ್ನ. ಕೊನೆಗೆ ನನ್ನ ಕೈಹಿಡಿದು ಹೇಳಿದ್ದು ಇಷ್ಟು: "ದೊಡ್ಡವಳಿಗೆ ಹೇಳ್ಬೇಡ, ಎದ್ದು ಓಡಿ ಬರ್ತಾಳೆ. ನಾನು ಮೊನ್ನೆ ಅಂದಿದ್ದು ತಪ್ಪು ಅನ್ನು. ಮಲಗಿರ್ಲಿ ಅವಳು."

ಭಾವ ಉತ್ತರದ ಗೋಡೆ ಒಡೆದ. ಎಲ್ಲ ಮುಗಿದ ಮೇಲೆ ಅವನಿದ್ದ ಪಕ್ಕದ ಮನೆಯನ್ನೂ ಬಿಟ್ಟು ಇಲ್ಲಿಗೆ ಬಂದೆವು. ಇಲ್ಲಿ ಇರುವುದು ಒಂದೇ ಚಪ್ಪರ, ಅದಕ್ಕೇ ಒಂದೇ ಒಲೆ. ಚೆನ್ನಾಗಿ ಬರಿ ಎಂದೆಯಲ್ಲ, ಬರೆಯಲು ಹೋಗಿ ಸಿಕ್ಕಿಬಿದ್ದೆ. ಸತ್ತವರ ಬಾಯಲ್ಲಿ ಸುಳ್ಳು ಬೈಗುಳ ಬರೆಯಲು ನನ್ನಿಂದ ಆಗಲಿಲ್ಲ.

ನಿನ್ನ ಬಿಳಿ ಹೂವನ್ನು ನಾನು ನೋಡಿದೆ. ಮೇ ಮೊದಲಲ್ಲಿ ಕುರಿ ತಪ್ಪಿಸಿಕೊಂಡಾಗ ಆಚೆ ದಡದವರೆಗೆ ಹೋಗಿದ್ದೆ. ನೋಡಬಾರದೆಂದರೂ ಕಣ್ಣು ಹೋಯಿತು. ಯಾರೂ ತುಳಿಯದ ಅಂಗಳ ಪೂರ್ತಿ ಬಿಳಿ. ಬಾಗಿಲಿನೊಳಗೂ ಬಂದಿತ್ತು.

ಸೀಟು ಒಲ್ಲೆ ಎಂದು ಬರೆದುಬಿಟ್ಟೆ. ಡೋಲಿಯನ್ನು, ಕುರಿಗಳನ್ನು ಯಾರಿಗೆ ಬಿಡಲಿ? ಮುಂದಿನ ವರ್ಷ ಕೇಳಿನೋಡು ಎಂದಿದ್ದಾರೆ. ಅಕ್ಕಾ, ನೀನು ಈಗ ಬಂದರೆ ಚಪ್ಪರದಲ್ಲಿ ಕೆಮ್ಮಿ ಕೆಮ್ಮಿ ಹೋಗುತ್ತೀಯ, ಡೋಲಿಯನ್ನೂ ಕರೆದುಕೊಂಡು ಹೋಗುತ್ತೀಯ, ಆಮೇಲೆ ನಾವು ಒಡೆಯಲು ಇನ್ನೊಂದು ಗೋಡೆ. ನಾನು ಈ ಕಲ್ಲುಗಳ ನಡುವೆ ಸಾಯುವವರೆಗೂ ಇರಬೇಕಾಗುತ್ತದೆ. ಕಾಲಿಗೆ ಬೀಳುತ್ತೇನೆ, ಮಲಗಿರು. ಭಾವ ಕುದುರೆ ಹತ್ತಿ ಕಾಯುತ್ತಿದ್ದಾನೆ, ಈ ಕಾಗದ ಇವತ್ತೇ ಅಂಚೆಗೆ ಹೋಗಬೇಕು.

ಆರ್ಲೀನ್


ಆಸ್ಪತ್ರೆ
೧೫ ಜೂನ್ ೧೯೫೩

ತಂಗೀ,

ಬೂಟು ಹಾಕಿಕೊಂಡೇ ಇದ್ದೆ. ಮೆಟ್ಟಿಲವರೆಗೂ ಹೋಗಿದ್ದೆ. ಮೊದಲ ಮೆಟ್ಟಿಲಿನಲ್ಲೇ ಉಸಿರು ಕಟ್ಟಿ ಕೂತುಬಿಟ್ಟೆ, ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ನರ್ಸ್ ಹಾಲ್‌ಗ್ರೆನ್ ಬಂದಳು. ಬೈಯುತ್ತಾಳೆ ಎಂದುಕೊಂಡೆ. ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತು, "ನಿನಗೊಂದು ಕಾಗದ ಬಂದಿದೆ, ಓದ್ಕೊಂಡು ಆಮೇಲೆ ಹೋಗು" ಎಂದಳು. ಅಲ್ಲೇ ಓದಿದೆ. ಅಲ್ಲೇ ಅತ್ತೆ, ಎದೆ ಅಲುಗುವ ಹಾಗೆ. ಅವಳು ತಡೆಯಲಿಲ್ಲ.

ನಾನೂ ಒಂದು ಮುಚ್ಚಿಟ್ಟಿದ್ದೆ. ನನ್ನ ಪಕ್ಕದ ಹಾಸಿಗೆಯ ಮುದುಕಿ ಏಪ್ರಿಲ್‌ನಲ್ಲೇ ಹೋದಳು. ಮನೆಯಲ್ಲಿ ಓದಿ ಹೇಳಿದರೆ ಎದ್ದು ಬಾ ಎಂದು ಅಪ್ಪಣೆ ಬರುತ್ತದೆ, ಬಂದರೆ ನಾನು ತಡೆಯಲಾರೆ ಎಂದು ಬರೆಯಲಿಲ್ಲ. ನೀವು ಗೋಡೆ ಒಡೆದು ಬೇರೆ ಕಡೆ ಹೋದಿರಿ. ನಾನು ಅಂದಿನಿಂದ ಅದೇ ಕೋಣೆಯಲ್ಲಿ, ಅದೇ ಗಾಳಿಯಲ್ಲಿ ಮಲಗಿದ್ದೇನೆ. ಹೆದರಿಕೆಯಾಗುತ್ತದೆ ಆರ್ಲೀನ್. ನನಗೆ ಒಡೆಯಲು ಗೋಡೆಯಿಲ್ಲ. ಆದರೂ ಇಲ್ಲೇ ಉಸಿರಾಡಬೇಕು, ಬೇರೆ ದಾರಿಯಿಲ್ಲ, ಈಗ ಅದು ಗೊತ್ತಾಗಿದೆ.

ದಿಂಬಿನ ಕೆಳಗಿನ ಒಂಟಿ ಗೆಜ್ಜೆ ಹೋದವರದ್ದು, ನಾನು ಇಟ್ಟುಕೊಳ್ಳುವಂತಿಲ್ಲ. ನರ್ಸಿನ ಕೈಗೆ ಕೊಟ್ಟು, ತೋಟದವನು ಹಳದಿ ಹೂವು ಕೀಳುವ ಜಾಗದಲ್ಲಿ ಹೂತುಬಿಡು ಎಂದೆ. ಕಿಟಕಿಯಿಂದ ನೋಡಿದೆ, ಮಂಡಿಯೂರಿ ಚಮಚದಲ್ಲಿ ಅಗೆಯುತ್ತಿದ್ದಳು. ಹೂವುಗಳನ್ನು ಮಾತ್ರ ಇಟ್ಟುಕೊಂಡಿದ್ದೇನೆ, ಅವು ನೀನು ಕಿತ್ತವು. ಕೆಳಮನೆಯ ಬಿಳಿ ಹೂವು ಇನ್ನು ಬೇಡ. ಅವು ಅಲ್ಲೇ ಅರಳಿಕೊಂಡಿರಲಿ.

ಎಡಚನಿಗೆ ಒಂದು ಮಾತು ಹೇಳು. ನಾಯಿಯ ಕೈಲಿ ಹೇಳಿಸಬೇಡ, ನೀನೇ ಹೇಳು. ಚಳಿಗಾಲಕ್ಕೆ ಬೆಳ್ಳಿ ಬಡಿಯಲು ಕೂತಾಗ ಹೊಸ ಜೋಡಿ ಗೆಜ್ಜೆ ಮಾಡಿಡಲಿ. ಚಿಕ್ಕದು ಬೇಡ, ಕಮರಿಯ ಆ ತುದಿಗೂ ಕೇಳಿಸಬೇಕು. ನನ್ನ ಕಿವಿಗೆ. ಡೋಲಿಯನ್ನು ಕಟ್ಟಿಕೊಳ್ಳಲಿರುವ ಬಡಪಾಯಿ ಈಗ ಎಲ್ಲೋ ಮೂಗು ಸೋರಿಸಿಕೊಂಡು ಕುರಿಯ ಹಿಂದೆ ಓಡಾಡುತ್ತಿರಬೇಕು. ಅವನು ಒಂದು ದಿನ ಸೌದೆ ಹೊತ್ತು ಬಂದು, ನನ್ನ ಗೆಜ್ಜೆ ಕೇಳಿ ಹೌಹಾರಿ ಬೇಲಿಯ ಮೇಲೆ ಬೀಳಬೇಕು. ನಾನು ಕಂಬಳಿಯೊಳಗೆ ಕೂತು ಅದನ್ನು ಕೇಳಿಸಿಕೊಳ್ಳಬೇಕು. ಸೌದೆ ಹಸಿಯಾಗಿದೆ ಎಂದು ಯಾವುದಾದರೂ ನಾಯಿಗೆ ಹೇಳಬೇಕು.

ಅದಕ್ಕೆ ಮಲಗಿರುತ್ತೇನೆ. ಬೂಟನ್ನು ನರ್ಸಿಗೆ ಕೊಟ್ಟಿದ್ದೇನೆ.

ಕೀಬಾ